ಮಂಡ್ಯ ಬೆಲ್ಲದ ಮಾರುಕಟ್ಟೆ ಎಲ್ಲಿಗೆ ಮುಗಿಯುತ್ತದೆ? ಮೂರು ವಿಧಾನಗಳ ಹೋಲಿಕೆ

2002ರ ಸ್ಪರ್ಧಾ ಕಾಯ್ದೆಯಲ್ಲಿ ಪ್ರಾಬಲ್ಯದ ದುರುಪಯೋಗ ಸಾಬೀತಾಗಬೇಕಾದರೆ ಮೊದಲು ‘ಸಂಬಂಧಿತ ಮಾರುಕಟ್ಟೆ’ ಯಾವುದೆಂದು, ಅಂದರೆ ಯಾವ ಸರಕುಗಳು, ಯಾವ ಪ್ರದೇಶದ ಮಾರಾಟಗಾರರು ಪರಸ್ಪರ ಪೈಪೋಟಿಯಲ್ಲಿದ್ದಾರೆಂದು ತೀರ್ಮಾನವಾಗಬೇಕು. ಸೆಕ್ಷನ್ 19(6), 19(7)ರಲ್ಲಿ ಸಾಗಣೆ ವೆಚ್ಚ, ಬೆಲೆ, ಬಳಕೆ, ಗ್ರಾಹಕರ ಒಲವು ಎಂದೆಲ್ಲ ಪಟ್ಟಿಯಿದೆ, ಅಳೆಯುವುದು ಹೇಗೆಂದು ಮಾತ್ರ ಇಲ್ಲ. ಅರ್ಥಶಾಸ್ತ್ರ ಕೆಲಸಕ್ಕೆ ಬರುವುದು ಇಲ್ಲೇ. ಮೈಸೂರು, ಮಂಡ್ಯ ಕಡೆ ಕಾನೂನು ಓದುವವರಿಗೆ ಪರಿಚಯದ ಸರಕಾದ ಬೆಲ್ಲದ ಮೇಲೆ ಮೂರು ವಿಧಾನಗಳನ್ನು ಹಚ್ಚಿ ನೋಡಿದ್ದೇವೆ.

ಎಲ್ಲಕ್ಕಿಂತ ಸುಲಭವಾದದ್ದು ದರಗಳ ಸಹಸಂಬಂಧ (ಕೋರಿಲೇಶನ್), ಅಂದರೆ ಎರಡು ಊರಿನ ದರಗಳು ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬ ಅಂಕ. ಮೋಸ ಹೋಗುವುದೂ ಇಲ್ಲೇ ಹೆಚ್ಚು. ಎರಡು ಎಪಿಎಂಸಿಗಳ ದಿನದ ದರ ಇಳಿಸಿಕೊಂಡು ಎಕ್ಸೆಲ್‌ಗೆ ಹಾಕಿದರೆ ಅರ್ಧ ಗಂಟೆಯಲ್ಲಿ ಉತ್ತರ ಬರುತ್ತದೆ. ಆದರೆ ಅಚ್ಚು ಬೆಲ್ಲ, ಕುರಿಕಟ್ಟು, ಬಕೆಟ್ ಬೆಲ್ಲ ಹೀಗೆ ಬೇರೆ ಬೇರೆ ಬಗೆಗಳು ಬೆರೆತಿದ್ದರೆ ಲೆಕ್ಕ ಅಲ್ಲಿಗೇ ಕೆಟ್ಟಿತು. ಹಬ್ಬದ ಬೇಡಿಕೆ, ಡೀಸೆಲ್, ಕಬ್ಬಿನ ದರ ಎರಡೂ ಕಡೆ ಒಟ್ಟಿಗೇ ಏರುವುದರಿಂದ ನೇರ ದರಗಳು ಜೊತೆಜೊತೆಯಾಗಿ ಓಡುವಂತೆ ಕಾಣುತ್ತವೆ. ವಾರದ ಸರಾಸರಿ ತೆಗೆದು, ಒಂದು ವಾರದಿಂದ ಇನ್ನೊಂದು ವಾರಕ್ಕೆ ಆದ ಶೇಕಡಾ ಬದಲಾವಣೆಗಳನ್ನಷ್ಟೇ ಹೋಲಿಸಿ. ಪಕ್ಕದಲ್ಲಿ, ಬೆಲ್ಲಕ್ಕೆ ಬದಲಿಯಲ್ಲದ ತೆಂಗಿನಕಾಯಿ ದರವನ್ನೂ ಇಡಿ. ಅದೂ ಬೆಲ್ಲದಷ್ಟೇ ಅಂಕ ಕೊಟ್ಟರೆ ಆ ಅಂಕವನ್ನು ನಂಬಬೇಡಿ.

ಎರಡನೆಯದು ಸರಕಿನ ಹರಿವು, ಅಂದರೆ ಎಲ್ಜಿಂಗಾ-ಹೊಗಾರ್ಟಿ ಪರೀಕ್ಷೆ. ಒಂದು ಪ್ರದೇಶದಲ್ಲಿ ಬಳಕೆಯಾಗುವುದರಲ್ಲಿ ಶೇ. 75 ಅಲ್ಲಿಯದೇ ಆಗಿದ್ದು, ಅಲ್ಲಿ ತಯಾರಾದದ್ದರಲ್ಲೂ ಶೇ. 75 ಅಲ್ಲೇ ಖರ್ಚಾದರೆ ಅದು ಪ್ರತ್ಯೇಕ ಮಾರುಕಟ್ಟೆ. ಬಿಗಿಯಾಗಿ ನೋಡುವವರು ಶೇ. 90 ಕೇಳುತ್ತಾರೆ. ಮಂಡ್ಯದ ಬೆಲ್ಲ ಹೊರಗೆ ಲೋಡುಗಟ್ಟಲೆ ಹೋಗುವುದರಿಂದ ಗಡಿ ತಾನಾಗಿ ಹಿಗ್ಗುತ್ತದೆ. ಇವತ್ತು ಸರಕು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಇದು ತೋರಿಸುತ್ತದೆ. ಬೆಲೆ ಏರಿದರೆ ಕೊಳ್ಳುವವರು ಎತ್ತ ತಿರುಗುತ್ತಾರೆಂದು ಹೇಳುವುದಿಲ್ಲ.

ಆ ಪ್ರಶ್ನೆಯನ್ನು ನೇರವಾಗಿ ಕೇಳುವುದು ಮೂರನೆಯದು, ನಿರ್ಣಾಯಕ ನಷ್ಟದ ಲೆಕ್ಕ. ಕಲಿಯುವವರು ಇಲ್ಲಿಂದಲೇ ಶುರು ಮಾಡಬೇಕು. ಒಂದು ಪ್ರದೇಶದ ಮಾರಾಟಗಾರರೆಲ್ಲ ಒಂದೇ ಕೈಯಾಗಿ ಬೆಲೆಯನ್ನು ಶೇ. 5 ಏರಿಸಿದರೆ ಲಾಭ ಉಳಿಯುತ್ತದೆಯೇ? ಸೂತ್ರ ಇಷ್ಟೇ: ಏರಿಕೆಯನ್ನು, ಏರಿಕೆ ಮತ್ತು ಮಾರ್ಜಿನ್ (ದರದಲ್ಲಿ ಬದಲಾಗುವ ವೆಚ್ಚ ಕಳೆದು ಉಳಿಯುವ ಶೇಕಡಾ ಪಾಲು) ಎರಡರ ಮೊತ್ತದಿಂದ ಭಾಗಿಸಿ. ಕೆ.ಜಿ.ಗೆ 45 ರೂಪಾಯಿ ದರ, 36 ರೂಪಾಯಿ ಬದಲಾಗುವ ವೆಚ್ಚ ಎಂದಿಟ್ಟುಕೊಳ್ಳಿ. ಮಾರ್ಜಿನ್ ಶೇ. 20. 5ನ್ನು 25ರಿಂದ ಭಾಗಿಸಿದರೆ ಶೇ. 20. ಇದೇ ನಿರ್ಣಾಯಕ ನಷ್ಟ: ಮಾರಾಟ ಇಷ್ಟು ಕುಸಿದರೆ ಏರಿಕೆಯಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ತಾಳೆ ನೋಡಿ: 1,000 ಕೆ.ಜಿ.ಗೆ ಮೊದಲು ಉಳಿಯುತ್ತಿದ್ದದ್ದು 9,000 ರೂಪಾಯಿ. ದರ 47.25 ಆದಾಗ ಕೆ.ಜಿ.ಗೆ 11.25 ಉಳಿಯುತ್ತದೆ, 800 ಕೆ.ಜಿ. ಮಾರಿದರೂ ಅದೇ 9,000. ಮಾರಾಟ ಶೇ. 20ಕ್ಕಿಂತ ಕಡಿಮೆ ಕುಸಿದರೆ ಆ ಪ್ರದೇಶವೇ ಮಾರುಕಟ್ಟೆ. ಹೆಚ್ಚು ಕುಸಿದರೆ ಪಕ್ಕದ ಪ್ರದೇಶವನ್ನೂ ಸೇರಿಸಿ ಮತ್ತೆ ಲೆಕ್ಕ ಹಾಕಬೇಕು.

ಹೆಚ್ಚಿನವರು ಎಡವುವುದು ವೆಚ್ಚದಲ್ಲಿ. ಆಲೆಮನೆಯ ಗಾಣ, ಕೊಪ್ಪರಿಗೆ, ಶೆಡ್ಡಿನ ಬಾಡಿಗೆ ಎಂದು ಇನ್ನೊಂದು 5 ರೂಪಾಯಿ ಸೇರಿಸಿಬಿಟ್ಟರೆ ಮಾರ್ಜಿನ್ 4 ರೂಪಾಯಿಗೆ ಇಳಿದು, ನಿರ್ಣಾಯಕ ನಷ್ಟ ಶೇ. 36ಕ್ಕೆ ಜಿಗಿಯುತ್ತದೆ. ಗಡಿ ಸುಳ್ಳೇ ಕಿರಿದಾಗುತ್ತದೆ. ಕಬ್ಬು, ಉರುವಲು, ಕೂಲಿ ಹೀಗೆ ಉತ್ಪಾದನೆಯ ಜೊತೆ ಏರಿಳಿಯುವುದನ್ನಷ್ಟೇ ಹಿಡಿಯಿರಿ. ಇನ್ನೊಂದು ಕುಣಿಕೆ ಅಮೆರಿಕದ ಸುಪ್ರೀಂ ಕೋರ್ಟಿನ 1956ರ ಡುಪಾಂಟ್ ತೀರ್ಪಿನಿಂದ ಹೆಸರಾದ ಸೆಲೊಫೇನ್ ದೋಷ: ಈಗಿನ ದರವೇ ಏಕಸ್ವಾಮ್ಯದ ದರವಾಗಿದ್ದರೆ, ಇನ್ನೂ ಏರಿಸಿದಾಗ ಜನ ಏನೇನೋ ಬದಲಿಗೆ ಹೋಗುತ್ತಾರೆ, ಮಾರುಕಟ್ಟೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ವಿಲೀನದ ಪ್ರಕರಣಕ್ಕೆ ಈಗಿನ ದರ ಸಾಮಾನ್ಯವಾಗಿ ನಡೆಯುತ್ತದೆ. ಸೆಕ್ಷನ್ 4ರ, ಅಂದರೆ ಪ್ರಾಬಲ್ಯದ ದುರುಪಯೋಗದ ಪ್ರಕರಣದಲ್ಲಿ ಅದನ್ನು ಕಣ್ಣುಮುಚ್ಚಿ ಬಳಸಬಾರದು.

ಹಾಗೆಂದು ಉಳಿದೆರಡನ್ನು ಬಿಸಾಡಬೇಕಿಲ್ಲ. ಇವತ್ತು ಸರಕು ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯಲು ಹರಿವಿನ ಲೆಕ್ಕ ಬೇಕು. ಎರಡು ಊರುಗಳ ದರಗಳ ಏರಿಳಿತಕ್ಕೆ ಸಂಬಂಧವೇ ಕಾಣದಿದ್ದರೆ ಅವೆರಡೂ ಒಂದೇ ಮಾರುಕಟ್ಟೆ ಎಂಬ ವಾದ ಅನುಮಾನಕ್ಕೆ ಬೀಳುತ್ತದೆ. ಸಹಸಂಬಂಧದ ಉಪಯೋಗ ಅಷ್ಟಕ್ಕೆ.

ಕಬ್ಬು ಕೊಳ್ಳುವವರ ಕಡೆಯಿಂದ ನೋಡಿದರೆ ಲೆಕ್ಕ ತಿರುಗುಮುರುಗಾಗುತ್ತದೆ: ದರ ಶೇ. 5 ಇಳಿಸಿದರೆ ರೈತರು ಎತ್ತ ಹೋಗುತ್ತಾರೆ? ಕಡಿದ ಕಬ್ಬು ಬೇಗ ಒಣಗಿ ಇಳುವರಿ ಕಳೆದುಕೊಳ್ಳುವುದರಿಂದ ದೂರ ಸಾಗಿಸಲಾಗದು, ಗಡಿ ಚಿಕ್ಕದು. ಆದರೆ ಎಫ್‌ಆರ್‌ಪಿಗಿಂತ (ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಕನಿಷ್ಠ ದರ) ಕೆಳಗೆ ಸಕ್ಕರೆ ಕಾರ್ಖಾನೆ ಇಳಿಯುವಂತಿಲ್ಲ, ಹಾಗಾಗಿ ದರದ ಪ್ರಶ್ನೆಗೆ ಉತ್ತರವೇ ಹುಟ್ಟದು. ಹಿಡಿತ ಕಾಣುವುದು ಕಟಾವಿನ ಸರದಿಯಲ್ಲಿ, ಬಟವಾಡೆಯಲ್ಲಿ. 1966ರ ಕಬ್ಬು ನಿಯಂತ್ರಣ ಆದೇಶದಂತೆ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಇಲ್ಲಿ ಕೇಳಬೇಕಾದ್ದು, ಬಟವಾಡೆ ಒಂದು ತಿಂಗಳು ತಡವಾದರೆ ಎಷ್ಟು ಟನ್ ಕಬ್ಬು ಕಾರ್ಖಾನೆ ಬಿಟ್ಟು ಆಲೆಮನೆಗೆ ತಿರುಗುತ್ತದೆ ಎಂಬುದನ್ನು.