ಅಗ್ರಹಾರದ ಉದ್ದ ಮನೆಗೆ ಯಾವ ವೈಫೈ? ಮೂರನ್ನೂ ಬಳಸಿದ ಮೇಲೆ ನನ್ನ ಆಯ್ಕೆ

ಮೊದಲೇ ಹೇಳಿಬಿಡುತ್ತೇನೆ. ಇಂಟರ್‌ನೆಟ್ ಕಂಪನಿಯವರು ಸಂಪರ್ಕದ ಜೊತೆಗೆ ಕೊಟ್ಟ ಪೆಟ್ಟಿಗೆ, ನಾದಿನಿಯ ಮನೆಯಿಂದ ಒಂದು ವಾರಕ್ಕೆಂದು ತಂದ ಮೆಶ್ ವೈಫೈ (ಮನೆಯ ಬೇರೆಬೇರೆ ಕಡೆ ಇಟ್ಟ ಪೆಟ್ಟಿಗೆಗಳು ಸೇರಿ ಒಂದೇ ವೈಫೈ ಆಗುವ ವ್ಯವಸ್ಥೆ), ನಾನೇ 2,600 ರೂಪಾಯಿ ಕೊಟ್ಟು ದೇವರಾಜ ಅರಸು ರಸ್ತೆಯ ಅಂಗಡಿಯಿಂದ ತಂದ ಟಿಪಿ-ಲಿಂಕ್ ಆರ್ಚರ್ ಸಿ6 ರೂಟರ್, ಈ ಮೂರರಲ್ಲಿ ನಮ್ಮ ಮನೆಯಲ್ಲಿ ಉಳಿದುಕೊಂಡದ್ದು ಮೂರನೆಯದು. ಆದರೆ ಅದನ್ನು ಸರಿಯಾಗಿ ಕೂರಿಸಲು ಹತ್ತು ದಿನ ಬೇಕಾಯಿತು. ಆ ಹತ್ತು ದಿನಗಳ ಕಷ್ಟ ಇನ್ನೊಬ್ಬರಿಗೆ ಬರಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮೈಸೂರಿನ ಅಗ್ರಹಾರದ ಹಳೆಯ ಮನೆ. ಅಗಲ ಕಡಿಮೆ, ಉದ್ದ ಜಾಸ್ತಿ. ಜಗುಲಿ, ಹಜಾರ, ನಡುಮನೆ, ಅಡುಗೆಮನೆ, ಅದರಾಚೆ ಹಿತ್ತಿಲಿಗೆ ತಾಗಿದ ಒಂದು ಕೋಣೆ. ಗೋಡೆಗಳು ಒಂದೂವರೆ ಅಡಿ ದಪ್ಪ. ಫೈಬರ್ ತಂತಿ ಒಳಗೆ ಬರುವುದು ಬೀದಿಯ ಕಡೆಯಿಂದ. ನಾನು ಪಾಠ ಹೇಳುವುದು ಹಿತ್ತಿಲ ಕೋಣೆಯಲ್ಲಿ. ಸಂಜೆ ಆರರಿಂದ ಎಂಟೂವರೆಯವರೆಗೆ ಪಿಯುಸಿ ಮಕ್ಕಳಿಗೆ ಗಣಿತ. ಅರ್ಧ ಮಕ್ಕಳು ಎದುರಿಗೆ ಕುಳಿತಿರುತ್ತಾರೆ, ಉಳಿದವರು ಮಂಡ್ಯ, ಪಾಂಡವಪುರ, ಕೆ.ಆರ್. ಪೇಟೆಯಿಂದ ಆನ್‌ಲೈನಿನಲ್ಲಿ ಸೇರುತ್ತಾರೆ. ಲೆಕ್ಕದ ನಡುವೆ ವಿಡಿಯೊ ನಿಂತರೆ ಆ ಮಕ್ಕಳಿಗೆ ಅರ್ಧ ಹೆಜ್ಜೆ ತಪ್ಪಿಹೋಗುತ್ತದೆ. ನನಗೆ ಅದು ಸಹಿಸಲಾಗದ ವಿಷಯ.

ಕಂಪನಿಯ ಪೆಟ್ಟಿಗೆ ಹಜಾರದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ಹಿತ್ತಿಲ ಕೋಣೆಗೆ ಬರುವಷ್ಟರಲ್ಲಿ ಸೋತುಹೋಗುತ್ತಿತ್ತು. ಅದರಲ್ಲಿ ವೈಫೈ ಅಲೆಗಳು ಎರಡು ಬಗೆ: 5 ಗಿಗಾಹರ್ಟ್ಸಿನವಕ್ಕೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ, 2.4ರದ್ದು ಇದಕ್ಕೆ ತದ್ವಿರುದ್ಧ. ಮೂರು ದಪ್ಪ ಗೋಡೆಗಳ ಮುಂದೆ ಎರಡೂ ಕೈಚೆಲ್ಲಿದವು.

ಅದಕ್ಕಿಂತ ನನ್ನನ್ನು ಕಾಡಿದ್ದು ಪಾಸ್‌ವರ್ಡ್. ಜೋಡಿಸಲು ಬಂದ ಹುಡುಗ ನನ್ನ ಮೊಬೈಲ್ ಸಂಖ್ಯೆಯನ್ನೇ ಪಾಸ್‌ವರ್ಡ್ ಮಾಡಿ ಹೋಗಿದ್ದ. ಮನೆಪಾಠದ ಬೋರ್ಡಿನ ಮೇಲೆ, ಗೇಟಿನ ಪಕ್ಕದಲ್ಲೇ, ಅದೇ ಸಂಖ್ಯೆಯನ್ನು ದಪ್ಪ ಅಕ್ಷರಗಳಲ್ಲಿ ಬರೆಸಿದ್ದೇವೆ. ಬೋರ್ಡ್ ಇಲ್ಲದವರೂ ನಿಶ್ಚಿಂತರಾಗಿರುವಂತಿಲ್ಲ. ನಮ್ಮ ದೇಶದ ಮೊಬೈಲ್ ಸಂಖ್ಯೆಗಳು 6, 7, 8 ಅಥವಾ 9ರಿಂದ ಶುರುವಾಗುತ್ತವೆ, ಒಟ್ಟು ಹತ್ತು ಅಂಕಿ. ಅಂದರೆ ಇರುವ ಸಾಧ್ಯತೆಗಳು 400 ಕೋಟಿ ಮಾತ್ರ. ನಮ್ಮ ಮೊಬೈಲ್ ವೈಫೈಗೆ ಸೇರುವ ಕ್ಷಣದ ಸಂಕೇತಗಳನ್ನು ಹಿಡಿದಿಟ್ಟುಕೊಂಡವನು, ಸೆಕೆಂಡಿಗೆ ಹತ್ತು ಲಕ್ಷ ಪಾಸ್‌ವರ್ಡ್ ಪರೀಕ್ಷಿಸುವ ಒಂದು ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಂಡು, ತನ್ನ ಮನೆಯಲ್ಲೇ ಕುಳಿತು ಒಂದು ಗಂಟೆ ಏಳು ನಿಮಿಷದಲ್ಲಿ ಎಲ್ಲವನ್ನೂ ಮುಗಿಸಬಹುದು. ಈ ಭಾಗಾಕಾರವನ್ನು ನನ್ನ ವಿದ್ಯಾರ್ಥಿಗಳಿಂದಲೇ ಮಾಡಿಸಿದೆ.

ಹೊಸ ರೂಟರನ್ನು ನಡುಮನೆಯ ಅಟ್ಟದ ಅಂಚಿನಲ್ಲಿಟ್ಟು, ಹಜಾರದ ಪೆಟ್ಟಿಗೆಯಿಂದ ಹದಿನೈದು ಮೀಟರ್ ಲ್ಯಾನ್ ಕೇಬಲ್ ಎಳೆದೆ. ರೂಟರಿನ ಸೆಟ್ಟಿಂಗ್ಸ್ ಬದಲಾಯಿಸುವ ನಿರ್ವಾಹಕ ಪುಟದ ಪಾಸ್‌ವರ್ಡ್ ಬೇರೆ, ವೈಫೈ ಪಾಸ್‌ವರ್ಡ್ ಬೇರೆ. ವೈಫೈಗೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿಟ್ಟೆ. ಪಾಸ್‌ವರ್ಡ್ ಇಲ್ಲದೆಯೇ ಒಂದು ಗುಂಡಿ ಅಥವಾ ಪಿನ್‌ನಿಂದ ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಎಂಬ ಸೌಲಭ್ಯವನ್ನು ಆಫ್ ಮಾಡಿದೆ. ಅದರ ಎಂಟಂಕಿಯ ಪಿನ್ ಅನ್ನು ಎರಡು ತುಂಡಾಗಿ ಪರೀಕ್ಷಿಸುವುದರಿಂದ ಹೆಚ್ಚೆಂದರೆ ಸುಮಾರು 11,000 ಪ್ರಯತ್ನಗಳಲ್ಲಿ ಸಿಕ್ಕಿಬಿಡುತ್ತದೆ ಎಂಬುದು 2011ರಲ್ಲೇ ಬಯಲಾಗಿದೆ. ಎಲ್ಲ ಸೇರಿ ಅರ್ಧ ಗಂಟೆ. ಆ ಸಂಜೆಯ ಪಾಠ ಒಮ್ಮೆಯೂ ನಿಲ್ಲಲಿಲ್ಲ.

ತೊಡಕು ಶುರುವಾದದ್ದು ಮರುದಿನ ಪ್ರಶ್ನೆಪತ್ರಿಕೆ ಮುದ್ರಿಸಲು ಹೊರಟಾಗ. ಲ್ಯಾಪ್‌ಟಾಪಿಗೆ ಪ್ರಿಂಟರ್ ಕಾಣಿಸಲೇ ಇಲ್ಲ. ಕಾರಣ ತಿಳಿಯಲು ಒಂದು ಇಡೀ ಬೆಳಗು ಹೋಯಿತು. ಪ್ರಿಂಟರ್ ಇನ್ನೂ ಹಳೆಯ ಪೆಟ್ಟಿಗೆಯ ವೈಫೈಯಲ್ಲಿತ್ತು, ಲ್ಯಾಪ್‌ಟಾಪ್ ಹೊಸದರಲ್ಲಿ. ಹಳೆಯ ಪೆಟ್ಟಿಗೆಯೂ ರೂಟರ್, ಹೊಸದೂ ರೂಟರ್. ಒಂದರ ಬೆನ್ನಿಗೆ ಇನ್ನೊಂದು. ಇದಕ್ಕೆ ಡಬಲ್ ನ್ಯಾಟ್ ಎನ್ನುತ್ತಾರೆ. ಒಂದೇ ಮನೆಯೊಳಗೆ ಎರಡು ಜಾಲಗಳಾಗಿ, ಒಂದು ಜಾಲದಲ್ಲಿರುವ ಪ್ರಿಂಟರ್ ಇನ್ನೊಂದರ ಹುಡುಕಾಟಕ್ಕೆ ಸಿಗುವುದಿಲ್ಲ.

ಪ್ರಿಂಟರಿಗಾಗಿ ಹಳೆಯ ಪೆಟ್ಟಿಗೆಯ ಪುಟ ತೆರೆದಾಗಲೇ ನಿಜವಾದ ಆಘಾತ. ಮನೆಮಂದಿಯ ಮೊಬೈಲುಗಳೆಲ್ಲ ಹೊಸ ವೈಫೈಗೆ ಬಂದಿದ್ದವು. ಆದರೂ ಹಳೆಯದರಲ್ಲಿ ಆರು ಉಪಕರಣಗಳು. ಒಂದು ಪ್ರಿಂಟರ್, ಒಂದು ನಮ್ಮ ಹೊಸ ರೂಟರ್. ಉಳಿದ ನಾಲ್ಕು ಯಾರವು? ಮುಂಬಾಗಿಲಿಗೆ ಹೊಸ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟಂತಾಗಿತ್ತು. ಆ ಸಂಪರ್ಕದಿಂದ ಯಾರು ಏನೇ ಮಾಡಿದರೂ ಬಿಲ್ಲಿನಲ್ಲಿರುವುದು ನನ್ನ ಹೆಸರು.

ಹಳೆಯದರ ವೈಫೈ ಆಫ್ ಮಾಡಿ, ಅದನ್ನು ಬರೀ ಸೇತುವೆಯಂತೆ ಬಳಸುವ ಬ್ರಿಡ್ಜ್ ಮೋಡ್‌ಗೆ ಹಾಕಬೇಕು. ಆದರೆ ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿದ್ದ ಹೆಸರು, ಗುಪ್ತಪದದಿಂದ ಒಳಹೋದರೆ ಆ ಆಯ್ಕೆಯೇ ಇರಲಿಲ್ಲ. ಕಂಪನಿಗೆ ಫೋನ್ ಮಾಡಿದೆ. ನಾಲ್ಕನೆಯ ಕರೆಯಾದ ಮೇಲೆ ಹುಡುಗ ಬಂದ. "ಮೇಡಂ, ಅದನ್ನು ನಮ್ಮ ಕಚೇರಿಯಿಂದಲೇ ಮಾಡಬೇಕು" ಎಂದು ಅಲ್ಲಿಂದಲೇ ಫೋನಿನಲ್ಲಿ ಮಾಡಿಸಿದ. ರೂಟರ್ ಕಂಪನಿಯ ಜಾಲಕ್ಕೆ ಲಾಗಿನ್ ಆಗಲು ಬೇಕಾದ ಪಿಪಿಪಿಒಇ ಬಳಕೆದಾರ ಹೆಸರು, ಪಾಸ್‌ವರ್ಡ್ ಎರಡನ್ನೂ ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಟ್ಟು ಹೊರಟುಹೋದ. ನಾನು ಅವನ್ನು ಹೊಸ ರೂಟರಿನಲ್ಲಿ ತುಂಬಿದೆ. ರೂಟರಿನ ಭೂಗೋಳದ ಚಿಹ್ನೆ ಕಿತ್ತಳೆ ಬಣ್ಣದಲ್ಲೇ ನಿಂತಿತು, ಹಸಿರಾಗಲಿಲ್ಲ. ಆ ದಿನದ ಪಾಠ ಮೊಬೈಲ್ ಡೇಟಾದಲ್ಲಿ ನಡೆಯಿತು.

ರಾತ್ರಿ ಚೀಟಿಯನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಪಾಸ್‌ವರ್ಡಿನ ಐದನೆಯ ಅಕ್ಷರ ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ ತಿಳಿಯುವಂತಿರಲಿಲ್ಲ. ಬದಲಾಯಿಸಿ ನೋಡಿದೆ, ಆದರೂ ಕಿತ್ತಳೆ. ಮರುದಿನ ಫೋನಿನಲ್ಲಿ ವಿಚಾರಿಸಿದಾಗ ಕಂಪನಿ ತನ್ನ ಜಾಲದಲ್ಲಿ ಇಂಟರ್‌ನೆಟ್ ದಾರಿಗೆ ಗುರುತಾಗಿ ಕೊಟ್ಟ ವಿಲ್ಯಾನ್ ಎಂಬ ಒಂದು ಸಂಖ್ಯೆಯನ್ನೂ ತುಂಬಬೇಕಿತ್ತೆಂದು ಗೊತ್ತಾಯಿತು. ಅದನ್ನು ಹೇಳಿರಲೇ ಇಲ್ಲ. ತುಂಬಿದ ಹತ್ತು ಸೆಕೆಂಡಿಗೆ ಚಿಹ್ನೆ ಹಸಿರಾಯಿತು. ಹಳೆಯ ಪೆಟ್ಟಿಗೆಯ ವೈಫೈ ದೀಪ ಆರಿತು. ಆ ನಾಲ್ಕು ಅಪರಿಚಿತ ಉಪಕರಣಗಳೂ ಅದರೊಂದಿಗೇ ಹೊರಬಿದ್ದವು.

ಮೆಶ್ ವಿಷಯಕ್ಕೆ ಬಂದರೆ, ವ್ಯಾಪ್ತಿಯಲ್ಲಿ ಅದನ್ನು ಮೀರಿಸಲು ಆರ್ಚರಿಗೆ ಆಗುವುದಿಲ್ಲ ಎಂದು ಒಪ್ಪುತ್ತೇನೆ. ಒಂದನ್ನು ಹಜಾರದಲ್ಲಿ, ಇನ್ನೊಂದನ್ನು ಅಡುಗೆಮನೆಯಲ್ಲಿ ಇಟ್ಟಾಗ ಬಾವಿಕಟ್ಟೆಯ ಬಳಿಯೂ ವಿಡಿಯೊ ಓಡಿತು. ಆದರೆ ನಾದಿನಿ ಎರಡಕ್ಕೆ ಕೊಟ್ಟಿದ್ದು 7,000 ರೂಪಾಯಿ. ಮನೆಯ ವೈಫೈ ನೋಡಿಕೊಳ್ಳಲು ಕಂಪನಿಯ ಆ್ಯಪಿನಲ್ಲಿ ಖಾತೆ ತೆರೆಯಲೇಬೇಕು. ನನಗೆ ಅದು ಹಿಡಿಸಲಿಲ್ಲ. ಕರೆಂಟ್ ಹೋದಾಗ ಕಂಪನಿಯ ಪೆಟ್ಟಿಗೆಯ ಜೊತೆಗೆ ಈ ಎರಡಕ್ಕೂ ಬ್ಯಾಟರಿ ಬೇಕು. ಮಹಡಿ ಮನೆಯವರು, ಕೇಬಲ್ ಎಳೆಯಲು ಒಪ್ಪದ ಬಾಡಿಗೆ ಮನೆಯವರು ಅದನ್ನೇ ಕೊಳ್ಳಲಿ.

ವೈಫೈಯನ್ನು ಮುಂದಕ್ಕೆ ದಾಟಿಸುವ ಅಗ್ಗದ ಎಕ್ಸ್‌ಟೆಂಡರ್ ಬೇಡವೇ ಬೇಡ: ಕೇಳಿದ್ದನ್ನೇ ಅದೇ ಅಲೆಯಲ್ಲಿ ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ.

ನಮ್ಮ ಪ್ರಿಂಟರಿಗೆ ಡಬ್ಲ್ಯುಪಿಎ3 ಎಂಬ ವೈಫೈಯ ಹೊಸ ಭದ್ರತಾ ವಿಧಾನ ಅರ್ಥವಾಗುವುದಿಲ್ಲ. ಹಾಗಾಗಿ ಹಳೆಯ ಡಬ್ಲ್ಯುಪಿಎ2, ಹೊಸ ಡಬ್ಲ್ಯುಪಿಎ3 ಎರಡೂ ಸೇರಿದ ಆಯ್ಕೆ ಇಟ್ಟಿದ್ದೇನೆ.

ಮನೆಗೆ ಬರುವ ವಿದ್ಯಾರ್ಥಿಗಳಿಗೆ ಅತಿಥಿ ವೈಫೈ ಬೇರೆ ಮಾಡಿದ್ದೇನೆ. ಅಲ್ಲಿಂದ ಪ್ರಿಂಟರಾಗಲಿ ನನ್ನ ಲ್ಯಾಪ್‌ಟಾಪಾಗಲಿ ಕಾಣಿಸುವುದಿಲ್ಲ. ದಸರೆಗೆ ಜಂಬೂಸವಾರಿ ನೋಡಲು ಬರುವ ನೆಂಟರಿಷ್ಟರಿಗೂ ಅದೇ. ಅವರು ಊರಿಗೆ ಹೊರಟ ಮೇಲೆ ಆ ಪಾಸ್‌ವರ್ಡ್ ಮಾತ್ರ ಬದಲಾಯಿಸಿದರೆ ಸಾಕು.

ರೂಟರ್, ಕೇಬಲ್, ಹಳೆಯ ಪೆಟ್ಟಿಗೆಗೂ ಹೊಸದಕ್ಕೂ ಒಂದೊಂದು 12 ವೋಲ್ಟಿನ ಪುಟ್ಟ ಯುಪಿಎಸ್ ಎಲ್ಲ ಸೇರಿ ಐದು ಸಾವಿರದೊಳಗೆ ಮುಗಿಯಿತು. ನೀವೂ ಇದೇ ದಾರಿ ಹಿಡಿಯುವುದಾದರೆ ಅಂಗಡಿಗೆ ಹೋಗುವ ಮೊದಲೇ ಕಂಪನಿಗೆ ಫೋನ್ ಮಾಡಿ. ಬ್ರಿಡ್ಜ್ ಮಾಡಿಕೊಡುತ್ತೀರಾ ಎಂದು ಕೇಳಿ. ಬಳಕೆದಾರ ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಮೂರನ್ನೂ ಎಸ್ಸೆಮ್ಮೆಸ್‌ನಲ್ಲಿ ಕಳಿಸಲು ಹೇಳಿ. ಕೈಬರಹದ ಚೀಟಿ ತೆಗೆದುಕೊಳ್ಳಬೇಡಿ.