ರಿಂಗ್ ಬಿಗಿಯುವ ಮೊದಲು ಓದಿ: ಅಗ್ಗದ ಸ್ಕೋಪಿಗೆ ನಾಲ್ಕು ತಿಂಗಳು ತೆತ್ತ ಕಥೆ

ನಾಲ್ಕು ತಿಂಗಳು ನನ್ನ ಕೈಗೆ ಬೈದುಕೊಂಡೆ, ಉಸಿರಿಗೆ ಬೈದುಕೊಂಡೆ, ಟ್ರಿಗರ್‌ಗೆ ಬೈದೆ, ಗುಂಡು ಮಾಡಿದವರಿಗೂ ಬೈದೆ. ಬೈಸಿಕೊಳ್ಳಬೇಕಾಗಿದ್ದದ್ದು ಮಾತ್ರ ಅಷ್ಟೂ ದಿನ ರೈಫಲ್‌ನ ನೆತ್ತಿಯ ಮೇಲೆ ಆರಾಮಾಗಿ ಕೂತಿತ್ತು. ಕೆಟ್ಟ ಸ್ಕೋಪಿನ, ಅಂದರೆ ಗುರಿ ನೋಡುವ ದುರ್ಬೀನಿನ, ದೊಡ್ಡ ತೊಂದರೆಯೇ ಇದು. ಅದು ಕೆಟ್ಟಿದೆ ಅಂತ ಗೊತ್ತೇ ಆಗುವುದಿಲ್ಲ, ನಮಗೇ ಗುರಿ ಬರುವುದಿಲ್ಲ ಅಂತ ಅನ್ನಿಸಿಬಿಡುತ್ತದೆ. ಹೊಸದಾಗಿ ರಿಮ್‌ಫೈರ್ (.22ರಂಥ ಸಣ್ಣ ಗುಂಡಿನ ರೈಫಲ್) ಹಿಡಿದವರು, ಕೈಗೆಟುಕುವ ಸ್ಕೋಪ್ ಹುಡುಕುತ್ತಿರುವವರು ನನ್ನ ಹಾಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮದು ಪದಕದ ಸ್ಪರ್ಧೆಯೇನಲ್ಲ. ತಿಂಗಳಿಗೊಮ್ಮೆ ರೇಂಜಿನಲ್ಲಿ ಸೇರುವ ಹತ್ತು ಹನ್ನೆರಡು ಜನ, ಎಲ್ಲರ ಕೈಯಲ್ಲೂ .22 ಎಲ್‌ಆರ್. ಮೊದಲ ಸುತ್ತು ಬೆಂಚಿನ ಮೇಲೆ ಮರಳು ಚೀಲಕ್ಕೆ ರೈಫಲ್ ಒರಗಿಸಿ, 50 ಮೀಟರ್ ದೂರದ ಕಾಗದಕ್ಕೆ 25 ಗುಂಡು. ಎರಡನೆಯದು ಬೇರೆ ಬೇರೆ ದೂರದಲ್ಲಿ ನಿಲ್ಲಿಸಿದ ತಗಡುಗಳನ್ನು ಬೀಳಿಸುವುದು, ಕೊನೆಯ ತಗಡು 100 ಮೀಟರ್‌ನಲ್ಲಿ. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪ್ ಕಟ್ಟುವ ಹಾಗಿಲ್ಲ. ನಮ್ಮಂಥ ಕೂಟಗಳಲ್ಲಿ ಸ್ಕೋಪ್ ಇಲ್ಲದವರೇ ಕಡಿಮೆ. ಕಾಗದ ಮಾತ್ರ ಒಲಿಂಪಿಕ್ಸ್‌ನದ್ದೇ. ಅದರಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 10.4 ಮಿ.ಮೀ., ಹೆಚ್ಚೂಕಡಿಮೆ ಅಂಗಿಯ ಗುಂಡಿಯಷ್ಟು. ಈ ಅಳತೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ರೈಫಲ್‌ಗೇ ಕೈ ಖಾಲಿಯಾಗಿತ್ತು. ಉಳಿದದ್ದರಲ್ಲಿ ಸ್ಕೋಪ್ ಬರಬೇಕಿತ್ತು. ಆನ್‌ಲೈನ್‌ನಲ್ಲಿ ಒಂದು 4-12×50 ಕಾಣಿಸಿತು, ಅಂದರೆ 4ರಿಂದ 12 ಪಟ್ಟು ಜೂಮ್, ಮುಂದಿನ ಲೆನ್ಸ್ 50 ಮಿ.ಮೀ. ಅಗಲ. ಒಳಗೆ ಕೆಂಪು ಹಸಿರು ದೀಪ, ಮಿಲ್-ಡಾಟ್ ರೆಟಿಕಲ್ (ಗುರಿ ಹಿಡಿಯುವ ಕ್ರಾಸ್ ಗುರುತು, ಅದರ ಗೆರೆಗಳ ಮೇಲೆ ಅಳತೆಯ ಚುಕ್ಕೆ), ಬಿಸಿಲಿಗೆ ಕೊಳವೆ, ಲೆನ್ಸಿಗೆ ಮುಚ್ಚಳ, ಜೊತೆಗೆ ಸ್ಕೋಪನ್ನು ರೈಫಲ್‌ಗೆ ಬಿಗಿಯುವ ರಿಂಗುಗಳು ಉಚಿತ. ನೀರು, ಮಂಜು, ಪೆಟ್ಟು ಯಾವುದಕ್ಕೂ ಜಗ್ಗುವುದಿಲ್ಲ ಎಂಬ ಭರವಸೆ ಬೇರೆ. ಐದು ನಕ್ಷತ್ರದ ವಿಮರ್ಶೆಗಳು ರಾಶಿ ಬಿದ್ದಿದ್ದವು. ಈಗ ಓದಿದರೆ ನಗು ಬರುತ್ತದೆ. ಅರ್ಧಕ್ಕರ್ಧ ಜನ ಪಾರ್ಸೆಲ್ ಬಂದ ದಿನವೇ ಬರೆದವರು. 'ಪ್ಯಾಕಿಂಗ್ ಸೂಪರ್', 'ನೋಡೋಕೆ ಭಾರೀ ಚೆನ್ನಾಗಿದೆ'. ಒಂದು ಗುಂಡು ಹಾರಿಸಿ ಬರೆದವರು ಎಷ್ಟು ಮಂದಿಯೋ.

ಕಟ್ಟಿದೆ, ಜೀರೋ ಮಾಡಿದೆ (ಕ್ರಾಸ್ ಇಟ್ಟಲ್ಲೇ ಗುಂಡು ಬೀಳುವ ಹಾಗೆ ಹೊಂದಿಸಿದೆ), ಮೊದಲ ದಿನ ಪರವಾಗಿಲ್ಲ ಅನ್ನಿಸಿತು. ಸ್ಪರ್ಧೆಯ ದಿನ ಶುರುವಾಯಿತು ನೋಡಿ ಆಟ. ಐದು ಗುಂಡು ಒಂದೇ ತೂತಿನ ಸುತ್ತಮುತ್ತ, ಆರನೆಯದು ಬೆರಳಿನಗಲ ಎಡಕ್ಕೆ, ಏಳನೆಯದು ಮತ್ತೆ ಸರಿ. ಎದ್ದು ನೀರು ಕುಡಿದು ಬಂದು ಕೂತರೆ ಇಡೀ ಗುಂಪೇ ಕೆಳಗೆ. ಸರಿ, ಸ್ಕೋಪಿನ ಮೇಲಿನ ಹೊಂದಿಸುವ ತಿರುಪನ್ನು (ಟರೆಟ್) ನಾಲ್ಕು ಕ್ಲಿಕ್ ಮೇಲೆ ತಿರುಗಿಸಿದೆ. ಏನೂ ಆಗಲಿಲ್ಲ. ಇನ್ನೆರಡು ತಿರುಗಿಸಿದೆ. ಮೂರು ಗುಂಡು ಹಾಗೇ ಬಿದ್ದವು, ನಾಲ್ಕನೆಯದಕ್ಕೆ ಒಮ್ಮೆಲೇ ಮೇಲಕ್ಕೆ ಜಿಗಿಯಿತು.

ಮೊದಲು ಅನುಮಾನ ಹೋದದ್ದು ಗುಂಡಿನ ಮೇಲೆ. .22ರಲ್ಲಿ ಇದು ಸಹಜ, ಯಾಕೆಂದರೆ ಈ ರೈಫಲ್‌ಗಳು ಗುಂಡಿನ ವಿಷಯದಲ್ಲಿ ನಿಜವಾಗಿಯೂ ನಖರಾ ಮಾಡುತ್ತವೆ. ಒಂದಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ. ವೇಗ ಹೆಚ್ಚಿರುವ ಗುಂಡು ಬಿಟ್ಟು ಶಬ್ದದ ವೇಗಕ್ಕಿಂತ ಕಡಿಮೆ ಇರುವ ಸ್ಟ್ಯಾಂಡರ್ಡ್ ವೆಲಾಸಿಟಿಗೆ ಬಂದೆ. ವಿಚಿತ್ರ ಅನ್ನಿಸಬಹುದು, ಅಡ್ಡಗಾಳಿಗೆ ಇವೇ ಕಡಿಮೆ ಸರಿಯುವುದು. ಶಬ್ದದ ವೇಗ ದಾಟಿ ಹೊರಟ ಗುಂಡು ಆ ಗಡಿಯ ಆಸುಪಾಸಿನಲ್ಲಿ ಗಾಳಿಯ ತಡೆಗೆ ಸಿಕ್ಕಿ ಬೇಗ ವೇಗ ಕಳೆದುಕೊಳ್ಳುತ್ತದೆ. ಆ ಬದಲಾವಣೆಯೇನೋ ಒಳ್ಳೆಯದೇ ಆಯಿತು, ಆದರೆ ನನ್ನ ರೋಗಕ್ಕೆ ಅದು ಮದ್ದಲ್ಲ. ಮೂರು ಕಂಪನಿಯ ಗುಂಡು ತಂದು ಸುಟ್ಟೆ. ನಳಿಗೆ ಕೊಳೆಯಾಗಿರಬೇಕು ಅಂತ ಉಜ್ಜಿದೆ. ಸ್ಟಾಕಿನ ಸ್ಕ್ರೂ ಬಿಚ್ಚಿ ಬಿಗಿದೆ. ಇಷ್ಟಕ್ಕೆಲ್ಲ ಖರ್ಚಾದದ್ದನ್ನು ಸ್ಕೋಪಿನ ಬೆಲೆಗೆ ಸೇರಿಸಿ ಲೆಕ್ಕ ಹಾಕಿದ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಕೊನೆಗೆ ಕಣ್ಣು ತೆರೆಸಿದವರು ನಮ್ಮ ಕೂಟದ ಹಿರಿಯರೊಬ್ಬರು. ನಾನು ಗುರಿಗಿಂತ ಹೆಚ್ಚು ಗೊಣಗುತ್ತಿದ್ದದ್ದು ಅವರ ಕಿವಿಗೆ ಬಿದ್ದಿರಬೇಕು.

"ಏನಪ್ಪಾ, ಬಂದೂಕಿಗೆ ಬೈತಾ ಇದ್ದೀಯೋ, ನಿನಗೆ ನೀನೇ ಬೈಕೋತಾ ಇದ್ದೀಯೋ?"

"ಗೊತ್ತಾಗ್ತಾ ಇಲ್ಲ ಸರ್, ಅದೇ ಸಮಸ್ಯೆ."

"ಬೋಲ್ಟ್ ತೆಗೆದಿಡು. ರೈಫಲ್ ಮುಟ್ಟಬೇಡ. ಬರೀ ನೋಡು. ನೋಡ್ತಾ ತಲೆ ಸ್ವಲ್ಪ ಆ ಕಡೆ ಈ ಕಡೆ ಆಡಿಸು."

ಗುಂಡು ಸಿಡಿಸುವ ಬೋಲ್ಟ್ ತೆಗೆದು, ರೈಫಲ್‌ನ ಎರಡು ಬದಿಗೂ ಮರಳು ಚೀಲ ಒತ್ತಿ, 50 ಮೀಟರ್ ಕಾಗದದ ನಡುವಿಗೆ ಕ್ರಾಸ್ ಹೊಂದಿಸಿ, ಕೈ ತೆಗೆದೆ. ತಲೆ ಕೂದಲೆಳೆಯಷ್ಟು ಎಡಕ್ಕೆ ಸರಿಸಿದರೆ ಕ್ರಾಸ್ ಕಪ್ಪು ವೃತ್ತದ ಮೇಲೆ ಜಾರಿತು. ಬಲಕ್ಕೆ ಸರಿಸಿದರೆ ಇನ್ನೊಂದು ಕಡೆಗೆ. ರೈಫಲ್ ಕಲ್ಲಿನ ಹಾಗೆ ಕೂತಿದೆ, ಗುರಿ ಮಾತ್ರ ತೇಲಾಡುತ್ತಿದೆ.

ಇದಕ್ಕೆ ಪ್ಯಾರಲ್ಯಾಕ್ಸ್ ಅನ್ನುತ್ತಾರೆ. ಗುರಿಯ ಬಿಂಬವೂ ರೆಟಿಕಲ್ಲೂ ಸ್ಕೋಪಿನೊಳಗೆ ಒಂದೇ ಮಟ್ಟದಲ್ಲಿ ಬೀಳಬೇಕು. ಬೀಳದಿದ್ದರೆ ಕಣ್ಣು ಅಲುಗಿದ ಹಾಗೆಲ್ಲ ಕ್ರಾಸ್ ಕೂಡ ಅಲುಗುತ್ತದೆ. ಪ್ರತಿ ಸ್ಕೋಪಿಗೂ ಈ ಎರಡು ಹೊಂದುವ ಒಂದು ದೂರ ಇರುತ್ತದೆ. ದೊಡ್ಡ ಬೇಟೆ ರೈಫಲ್‌ಗಳಿಗೆಂದು ಮಾಡಿದ ಸಾಮಾನ್ಯ ಸ್ಕೋಪಿನಲ್ಲಿ ಅದನ್ನು ಹೆಚ್ಚಾಗಿ 100 ಗಜಕ್ಕೆ ಬಿಗಿದುಬಿಟ್ಟಿರುತ್ತಾರೆ. ರಿಮ್‌ಫೈರ್‌ಗೆಂದೇ ಮಾಡಿದ್ದರಲ್ಲಿ 50 ಗಜದ ಸುಮಾರಿಗೆ ಇಟ್ಟಿರುತ್ತಾರೆ, ಇಲ್ಲವೇ ತಿರುಗಿಸಿ ಹೊಂದಿಸಿಕೊಳ್ಳುವ ಬಳೆ ಕೊಟ್ಟಿರುತ್ತಾರೆ. ನನ್ನದು 100ಕ್ಕೆ ಬಿಗಿದದ್ದು. ಆ ಮಾತು ಜಾಹೀರಾತಿನಲ್ಲಿ ಎಲ್ಲೂ ಇರಲಿಲ್ಲ, ನಾನೂ ಕೇಳಲಿಲ್ಲ.

ಎಷ್ಟು ತಪ್ಪಬಹುದು ಅನ್ನುವುದಕ್ಕೆ ಒಂದು ಸರಳ ಲೆಕ್ಕ ಇದೆ. ಮುಂದಿನ ಲೆನ್ಸಿನ ಅಗಲದ ಅರ್ಧ ತೆಗೆದುಕೊಳ್ಳಿ. ಗುರಿಯ ದೂರಕ್ಕೂ ಸ್ಕೋಪ್ ಬಿಗಿದಿರುವ ದೂರಕ್ಕೂ ಇರುವ ವ್ಯತ್ಯಾಸದಿಂದ ಗುಣಿಸಿ, ಬಿಗಿದ ದೂರದಿಂದ ಭಾಗಿಸಿ. ನನ್ನ 50 ಮಿ.ಮೀ. ಲೆನ್ಸಿಗೆ 25ರ ಅರ್ಧಕ್ಕಿಂತ ತುಸು ಕಡಿಮೆ (100 ಗಜ ಅಂದರೆ ಸುಮಾರು 91 ಮೀಟರ್), ಅಂದರೆ ಸುಮಾರು 11 ಮಿ.ಮೀ. ಕಣ್ಣು ಪೂರ್ತಿ ಅಂಚಿಗೆ ಹೋದಾಗಿನ ಮಾತು ಇದು, ನಿಜ. ಆದರೆ 12 ಪಟ್ಟು ಜೂಮಿನಲ್ಲಿ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ 4 ಮಿ.ಮೀ. ಚಿಲ್ಲರೆ ಅಷ್ಟೇ, ಅಂಚು ತಲುಪಲು ಎರಡು ಮಿಲಿಮೀಟರ್ ಸಾಕು. ಹತ್ತರ ವೃತ್ತದ ನಡುವಿನಿಂದ ಅಂಚಿಗೆ ಇರುವುದು 5.2 ಮಿ.ಮೀ. ಎದ್ದು ನೀರು ಕುಡಿದು ಬಂದು ಕೆನ್ನೆಯನ್ನು ಬೇರೆ ಜಾಗಕ್ಕೆ ಊರಿದ್ದಕ್ಕೆ ಗುಂಪೇ ಯಾಕೆ ಜಾರಿತು ಅಂತ ಆಗ ಅರ್ಥವಾಯಿತು. ದೊಡ್ಡ ಲೆನ್ಸ್ ಅಂದರೆ ಒಳ್ಳೆಯ ಸ್ಕೋಪ್ ಅಂತ ನಂಬಿದ್ದೆ. ಈ ಲೆಕ್ಕದಲ್ಲಿ ದೊಡ್ಡ ಲೆನ್ಸೇ ನನಗೆ ಮುಳುವಾಗಿತ್ತು.

ಅಷ್ಟಕ್ಕೇ ನಿಂತಿದ್ದರೆ ಕೆನ್ನೆ ಊರುವುದನ್ನು ಅಭ್ಯಾಸ ಮಾಡಿ ಹೇಗೋ ನಿಭಾಯಿಸಬಹುದಿತ್ತು. ಹಿರಿಯರು ಬಿಡಲಿಲ್ಲ. "ಕ್ಲಿಕ್ ಕೂಡ ನೋಡೇ ಬಿಡೋಣ" ಅಂದರು. ಮೂರು ಗುಂಡು ನಡುವಿಗೆ. 40 ಕ್ಲಿಕ್ ಮೇಲೆ, ಮೂರು ಗುಂಡು. 40 ಬಲಕ್ಕೆ, 40 ಕೆಳಕ್ಕೆ, 40 ಎಡಕ್ಕೆ, ಪ್ರತಿ ಸಲವೂ ಗುರಿ ಹಿಡಿಯುವುದು ಮೊದಲಿನ ಜಾಗಕ್ಕೇ. ಕಾಗದದ ಮೇಲೆ ಚೌಕ ಮೂಡಬೇಕು, ಕೊನೆಯ ಗುಂಪು ಮೊದಲನೆಯದರ ಮೇಲೇ ಕೂರಬೇಕು. ಕಾಲು ಎಂಒಎ (ಕೋನದ ಅಳತೆ, ಒಂದು ಡಿಗ್ರಿಯ ಅರವತ್ತರಲ್ಲೊಂದು ಪಾಲು) ಕ್ಲಿಕ್ ಅಂದರೆ 50 ಮೀಟರ್‌ನಲ್ಲಿ ಸುಮಾರು 3.6 ಮಿ.ಮೀ., ಹಾಗಾಗಿ ಚೌಕದ ಬದಿ 145 ಮಿ.ಮೀ. ಬರಬೇಕಿತ್ತು. ನನ್ನದರಲ್ಲಿ ಮೇಲಕ್ಕೆ ಹೋದದ್ದು 110. ಬಲಕ್ಕೆ ತಿರುಗಿಸಿದಾಗ ಬಲಕ್ಕೂ ಹೋಯಿತು, ಒಂದಿಷ್ಟು ಕೆಳಕ್ಕೂ ಇಳಿಯಿತು. ಚೌಕ ಹೋಗಿ ಸೊಟ್ಟ ಹಪ್ಪಳದ ಆಕಾರ. ಕೊನೆಯ ಗುಂಪು ಶುರುವಿನ ಜಾಗದಿಂದ ಎರಡು ಸೆಂಟಿಮೀಟರ್ ಆಚೆ. ಒಳಗಿನ ಕೊಳವೆಯನ್ನು ಟರೆಟ್ ಸ್ಕ್ರೂವಿಗೆ ಒತ್ತಿ ಹಿಡಿಯುವ ಸ್ಪ್ರಿಂಗ್ ದುರ್ಬಲ ಇದ್ದರೆ ಹೀಗಾಗುತ್ತದಂತೆ. ತಿರುಗಿಸಿದಾಗ ಕೊಳವೆ ಅಲ್ಲೇ ಅಂಟಿಕೊಂಡು, ಎರಡು ಮೂರು ಗುಂಡಿನ ಅದುರಿಗೆ ಆಮೇಲೆ ಸರಿಯುತ್ತದೆ. .22ರ ಒದೆತ ಎಷ್ಟು ಮೆದು ಅಂದರೆ ಸ್ಕೋಪ್ ಮುರಿಯುವುದೂ ಇಲ್ಲ. ಮುರಿದಿದ್ದರೆ ಮೊದಲ ವಾರವೇ ಗೊತ್ತಾಗಿ ಬದುಕಿಕೊಳ್ಳುತ್ತಿದ್ದೆ.

ತಗಡಿನ ಸುತ್ತಿನ ಅವಮಾನಕ್ಕೆ ಅರ್ಧ ಕಾರಣ ನಾನೇ. 50ಕ್ಕೆ ಜೀರೋ ಮಾಡಿದ ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡು 100 ಮೀಟರ್ ಮುಟ್ಟುವ ಹೊತ್ತಿಗೆ ಹತ್ತಿರ ಹತ್ತಿರ ಒಂದು ಗೇಣು ಇಳಿದಿರುತ್ತದೆ. ಅದಕ್ಕೆ ರೆಟಿಕಲ್‌ನ ಚುಕ್ಕೆ ಎಣಿಸಿ ಮೇಲೆ ಹಿಡಿಯುತ್ತಿದ್ದೆ. ಆದರೆ ಅಗ್ಗದ ಸ್ಕೋಪುಗಳಲ್ಲಿ ಸಾಮಾನ್ಯವಾಗಿ ರೆಟಿಕಲ್ ಎರಡನೇ ಫೋಕಲ್ ಪ್ಲೇನಿನಲ್ಲಿ ಇರುತ್ತದೆ, ಅಂದರೆ ಜೂಮ್ ಬದಲಿಸಿದರೂ ಕಣ್ಣಿಗೆ ಅದರ ಗಾತ್ರ ಬದಲಾಗುವುದಿಲ್ಲ. ಚುಕ್ಕೆಗಳ ಅಳತೆ ಒಂದೇ ಒಂದು ಜೂಮಿಗೆ ಸರಿ, ಬಹುತೇಕ ಅದು ಪೂರ್ತಿ ಜೂಮ್. 12ರಿಂದ 6ಕ್ಕೆ ಇಳಿಸಿದರೆ ಗುರಿಯ ಮೇಲೆ ಅದೇ ಚುಕ್ಕೆಯ ಅಂತರ ಎರಡರಷ್ಟಾಗುತ್ತದೆ. ನಾನು ಜೂಮ್ ಬದಲಿಸುತ್ತಲೇ ಇದ್ದೆ, ಚುಕ್ಕೆ ಮಾತ್ರ ಅದೇ. ಇನ್ನೊಂದು ಎಡವಟ್ಟು, ರೆಟಿಕಲ್ ಮಿಲ್‌ನಲ್ಲಿ, ಟರೆಟ್ ಎಂಒಎಯಲ್ಲಿ. ಮಿಲ್ ಕೂಡ ಕೋನದ ಅಳತೆಯೇ, ಒಂದು ಮಿಲ್ ಅಂದರೆ 3.44 ಎಂಒಎ. ಗಡಿಯಾರ ಓಡುತ್ತಿರುವಾಗ ಈ ಗುಣಾಕಾರ ಯಾರಿಗೆ ಬೇಕು? ಎರಡೂ ಒಂದೇ ಭಾಷೆ ಮಾತಾಡುವ ಸ್ಕೋಪ್ ತೆಗೆದುಕೊಳ್ಳಿ. ಉಚಿತ ರಿಂಗುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ಅಗಲ ಹಳಿಗೆ ಮಾಡಿದವು, .22 ರೈಫಲ್‌ಗಳಲ್ಲಿ ಹೆಚ್ಚಾಗಿ ಇರುವುದು 11 ಮಿ.ಮೀ. ಡವ್‌ಟೇಲ್ ಎಂಬ ಕಿರಿದಾದ ಹಳಿ. ಎಸೆದು ಬೇರೆ ತಂದೆ.

ವಾಪಸ್ ಕಳಿಸೋಣ ಅಂತ ಮಾರಿದವರಿಗೆ ಬರೆದೆ. ಚೌಕ ಬಿಡಿಸಿದ ಆ ಪರೀಕ್ಷೆಯ (ಬಾಕ್ಸ್ ಟೆಸ್ಟ್) ಫೋಟೊ ಹಾಕಿದೆ, ಅಳತೆ ಬರೆದೆ. ಉತ್ತರ ಎರಡು ಸಾಲು: ಕೊಳವೆಯ ಮೇಲೆ ರಿಂಗ್ ಬಿಗಿದ ಗುರುತು ಇದೆ, ಬಳಸಿದ ಮಾಲು ತೆಗೆದುಕೊಳ್ಳುವುದಿಲ್ಲ. ಗಡುವು ಹೇಗೂ ಮೂರು ತಿಂಗಳ ಹಿಂದೆಯೇ ಮುಗಿದಿತ್ತು.

ಆಗ ಹೊಳೆದದ್ದು, ರಿಂಗ್ ಬಿಗಿಯದೆಯೇ ಸ್ಕೋಪನ್ನು ಸಾಕಷ್ಟು ಪರೀಕ್ಷಿಸಬಹುದು ಅನ್ನುವುದು. ರಟ್ಟಿನ ಪೆಟ್ಟಿಗೆಯೊಂದರ ಎರಡು ಎದುರುಬದುರು ಗೋಡೆಗಳಲ್ಲಿ ಇಂಗ್ಲಿಷ್ 'ವಿ' ಆಕಾರದ ಕಚ್ಚು ಹಾಕಿ, ಒಳಗೆ ಭಾರಕ್ಕೆ ಪುಸ್ತಕ ತುಂಬಿ, ಕಚ್ಚಿನಲ್ಲಿ ಸ್ಕೋಪ್ ಮಲಗಿಸಿ. ಅಲ್ಲಾಡದ ಹಾಗೆ ಮಾಸ್ಕಿಂಗ್ ಟೇಪ್ ಹಾಕಿದರೂ ಗುರುತು ಉಳಿಯುವುದಿಲ್ಲ. 50 ಮೀಟರ್ ದೂರದಲ್ಲಿ ಸೆಂಟಿಮೀಟರ್ ಗೆರೆ ದಪ್ಪಗೆ ಎಳೆದ ದೊಡ್ಡ ಹಾಳೆ ತೂಗುಹಾಕಿ. ಮೊದಲು ತಲೆ ಆಡಿಸಿ ನೋಡಿ, ಪ್ಯಾರಲ್ಯಾಕ್ಸ್ ಅಲ್ಲೇ ಬಯಲಾಗುತ್ತದೆ. ಆಮೇಲೆ 40 ಕ್ಲಿಕ್ ಮೇಲೆ, ಕ್ರಾಸ್ ಎಷ್ಟು ಗೆರೆ ದಾಟಿತು ಎಣಿಸಿ, ವಾಪಸ್ ತನ್ನಿ, ಅದೇ ಗೆರೆಗೆ ಬಂತೇ ನೋಡಿ. ನಾಲ್ಕೈದು ಸಲ ಮಾಡಿ, ಒಂದು ಸಲಕ್ಕೆ ಎಲ್ಲ ಸ್ಕೋಪೂ ಒಳ್ಳೆಯ ಮಗುವೇ. ಕೊನೆಗೆ ಜೂಮನ್ನು ಕಡಿಮೆಯಿಂದ ಪೂರ್ತಿಗೆ ತಿರುಗಿಸಿ, ಕ್ರಾಸ್ ಜಾಗ ಬಿಟ್ಟು ನಡೆದರೆ ಪೆಟ್ಟಿಗೆಗೆ ಹಾಕಿ ಕಳಿಸಿಬಿಡಿ. ಗುಂಡಿನ ಅದುರು ಇಲ್ಲದ ಪರೀಕ್ಷೆ ಇದು, ಆಮೇಲೆ ರೈಫಲ್ ಮೇಲೆ ಚೌಕ ಬಿಡಿಸಿ ನೋಡಲೇಬೇಕು. ಆದರೂ ನನ್ನಂಥ ಸ್ಕೋಪ್ ಇಷ್ಟಕ್ಕೇ ಸಿಕ್ಕಿಬೀಳುತ್ತಿತ್ತು.

ಅಗ್ಗದ ಸ್ಕೋಪೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಈಗ ನನ್ನ ರೈಫಲ್ ಮೇಲಿರುವುದೂ ಅಂಥ ದುಬಾರಿಯದ್ದಲ್ಲ. ಸೆಕೆಂಡ್ ಹ್ಯಾಂಡ್ 3-9×40, ರಿಮ್‌ಫೈರ್‌ಗೆಂದು 50 ಗಜಕ್ಕೆ ಹೊಂದಿಸಿದ್ದು. ದೀಪವಿಲ್ಲ, ಚುಕ್ಕೆಗಳಿಲ್ಲ, ಬರೀ ಒಂದು ಕ್ರಾಸ್. ಕೊಟ್ಟ ದುಡ್ಡು ದೀಪಕ್ಕೂ ಉಚಿತ ರಿಂಗಿಗೂ ಹಂಚಿಹೋಗದೆ ಲೆನ್ಸಿಗೂ ಟರೆಟ್ಟಿಗೂ ಹೋಗಿದೆ ಅಂತ ಹಿಡಿದರೇ ಗೊತ್ತಾಗುತ್ತದೆ. ತಗಡಿನ ಸುತ್ತಿಗೆ ಇನ್ನಷ್ಟು ಜೂಮ್ ಇದ್ದಿದ್ದರೆ ಅನ್ನಿಸುವುದುಂಟು. ಅನ್ನಿಸಲಿ.

ಕಳೆದ ತಿಂಗಳ ಕೂಟಕ್ಕೆ ಹೊಸ ಹುಡುಗನೊಬ್ಬ ಬಂದ. ಪೆಟ್ಟಿಗೆ ನೋಡಿಯೇ ಗುರುತು ಸಿಕ್ಕಿತು, ಅದೇ ಕೆಂಪು ಹಸಿರು ದೀಪದ ಚಿತ್ರ. ಬೆಂಚಿನಿಂದ ಎದ್ದು ಹೋಗಿ ಕೇಳಿದೆ, "ರಿಂಗ್ ಬಿಗಿದಾಯ್ತಾ?"

"ನಿನ್ನೆ ರಾತ್ರೀನೇ ಬಿಗಿದೆ ಅಣ್ಣ, ಯಾಕೆ?"