ಫಾಸ್ಟ್ಯಾಗ್: ದುಡ್ಡು ಕಟ್ ಆಗೋಕೆ ಒಂದು ಸೆಕೆಂಡು, ವಾಪಸ್ ಬರೋಕೆ ಹತ್ತೊಂಬತ್ತು ದಿನ

ತುಮಕೂರಿನಿಂದ ಬೆಂಗಳೂರಿಗೆ ವಾರಕ್ಕೆ ಎರಡು ಸಲ, ಕೆಲವು ವಾರ ಮೂರು ಸಲ ಕಾರಲ್ಲಿ ಓಡಾಡುವವನು ನಾನು. ಮಿಕ್ಕ ದಿನ ರೈಲು. ದಾರಿ ಸುಮಾರು ಎಪ್ಪತ್ತು ಕಿಲೋಮೀಟರ್. ಆದರೆ ಮನೆಯಲ್ಲಿ "ಎಷ್ಟೊತ್ತಿಗೆ ಬರ್ತೀರಾ" ಅಂತ ಕೇಳಿದರೆ ಕಿಲೋಮೀಟರ್ ಲೆಕ್ಕ ಕೆಲಸಕ್ಕೆ ಬರಲ್ಲ, ನೆಲಮಂಗಲದ ಟ್ರಾಫಿಕ್ ಮತ್ತು ಟೋಲ್ ಕ್ಯೂ ನೋಡಿಕೊಂಡೇ ಹೇಳಬೇಕು. ಟೋಲ್‌ನಲ್ಲಿ ಕ್ಯಾಶ್ ಪೂರ್ತಿ ಎತ್ತಿಬಿಡಬೇಕಾ ಬೇಡವಾ ಅನ್ನೋ ಮಾತು ಬಂದಾಗಲೆಲ್ಲ ನಮ್ಮ ಆಫೀಸಿನಲ್ಲಿ ಸಣ್ಣ ಜಗಳವೇ ಆಗುತ್ತೆ. ವಾರ ವಾರ ಬಳಸುವವನಾಗಿ ನನ್ನ ಅನುಭವ ಬರೆದುಬಿಡ್ತೀನಿ. ಮೊದಲೇ ಹೇಳ್ತೀನಿ: ಟೋಲ್ ದುಡ್ಡು ತಾನಾಗೇ ಕಟ್ ಆಗಲಿ ಅಂತ ಗಾಜಿಗೆ ಅಂಟಿಸಿರುವ ಆ ಫಾಸ್ಟ್ಯಾಗ್ ಸ್ಟಿಕ್ಕರ್‌ಗೆ ನಾಲ್ಕೂವರೆ ಸ್ಟಾರ್. ಅದರ ಹಿಂದೆ ಕೂತಿರುವ ವ್ಯವಸ್ಥೆಗೆ ಎರಡು, ಅದೂ ಧಾರಾಳವಾಗಿ.

ಹಳೇದು ಮರೆತಿರೋರಿಗೆ ಒಂದು ಸಲ ನೆನಪಿಸ್ತೀನಿ. ಭಾನುವಾರ ಸಂಜೆ ಟೋಲ್ ಕ್ಯೂ ಅಂದರೆ ಸೌತೆಕಾಯಿ ಮಾರೋರು ಎರಡು ರೌಂಡ್ ಬಂದು ಹೋಗುವಷ್ಟು ಹೊತ್ತು. ಚಿಲ್ಲರೆ ಇಲ್ಲ ಅಂದರೆ ಚಾಕಲೇಟ್ ಕೈಗಿಡುತ್ತಿದ್ದರು. ನಮ್ಮಪ್ಪ ಟೋಲ್‌ಗೆ ಅಂತಲೇ ಒಂದು ಸ್ಟೀಲ್ ಡಬ್ಬಿಯಲ್ಲಿ ಐದರ ಹತ್ತರ ನಾಣ್ಯ ತುಂಬಿಸಿ ಕಾರಲ್ಲಿ ಇಟ್ಟಿದ್ದರು. ಇನ್ನೊಂದು ತಾಪತ್ರಯ ರಿಟರ್ನ್ ಚೀಟಿ. 24 ಗಂಟೆ ಒಳಗೆ ವಾಪಸ್ ಬಂದರೆ ಎರಡೂ ಕಡೆಗೆ ಸೇರಿ ಒಂದೂವರೆ ಪಟ್ಟು ಕೊಟ್ಟರೆ ಸಾಕು ಅನ್ನೋದು ರೂಲ್. ಆದರೆ ಹೋಗುವಾಗಲೇ ರಿಟರ್ನ್ ಅಂತ ಬಾಯಿಬಿಟ್ಟು ಕೇಳಬೇಕಿತ್ತು, ಆ ಚೀಟಿನ ಸಂಜೆವರೆಗೂ ಕಾಪಾಡಬೇಕಿತ್ತು. ನಾನು ಎಷ್ಟು ಸಲ ಅದನ್ನು ಅಂಗಿ ಜೇಬಲ್ಲಿ ಬಿಟ್ಟು, ಅಂಗಿನೇ ಬದಲಾಯಿಸಿಕೊಂಡು ಬಂದಿದ್ದೀನೋ ಲೆಕ್ಕವಿಲ್ಲ. ಈಗ ವಾಪಸ್ ಬರುವಾಗ ತಾನಾಗೇ ಅರ್ಧ ಕಟ್ ಆಗುತ್ತೆ. ನನಗೆ ಫಾಸ್ಟ್ಯಾಗ್‌ನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

2021ರ ಫೆಬ್ರವರಿ 15ರ ಮಧ್ಯರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಯ ಎಲ್ಲ ಲೇನ್‌ಗೂ ಇದು ಕಡ್ಡಾಯವಾಯ್ತು. ಟ್ಯಾಗ್ ಒಳಗೆ ಸಣ್ಣ ಚಿಪ್ ಇದೆ, ಬ್ಯಾಟರಿ ಇಲ್ಲ. ಲೇನ್ ಮೇಲಿರುವ ರೀಡರ್‌ನ ಸಿಗ್ನಲ್‌ನಿಂದಲೇ ಅದಕ್ಕೆ ಜೀವ ಬರುತ್ತೆ. ಅದಕ್ಕೇ ಗಾಜಿನ ಒಳಗಡೆ, ಕನ್ನಡಿ ಹಿಂದೆ, ಮಧ್ಯದಲ್ಲಿ ನೆಟ್ಟಗೆ ಅಂಟಿಸಬೇಕು ಅನ್ನೋದು. ನಮ್ಮ ಜನ ಅಂಟಿಸಲ್ಲ. ಮೊನ್ನೆ ನನ್ನ ಮುಂದಿದ್ದ ಕಾರಿನವನು ಟ್ಯಾಗನ್ನ ಕೈಯಲ್ಲಿ ಹಿಡಿದು, ಆರತಿ ಎತ್ತುವ ಹಾಗೆ ಗಾಜಿನ ಮುಂದೆ ಮೇಲೆ ಕೆಳಗೆ ಆಡಿಸುತ್ತಿದ್ದ. ರೀಡರ್ ಓದಲಿಲ್ಲ. ಹಿಂದೆ ಹಾರ್ನೋ ಹಾರ್ನು. ಹೀಗೆ ಕೈಯಲ್ಲಿ ಹಿಡಿಯೋ ಟ್ಯಾಗ್‌ಗಳನ್ನ ಬ್ಲಾಕ್‌ಲಿಸ್ಟ್ ಮಾಡ್ತೀವಿ, ಅಂದರೆ ನಡೆಯದ ಹಾಗೆ ನಿಲ್ಲಿಸ್ತೀವಿ ಅಂತ ಹೆದ್ದಾರಿ ಪ್ರಾಧಿಕಾರ 2025ರಲ್ಲೇ ಹೇಳಿದೆ, ಒಳ್ಳೇದೇ ಆಯ್ತು. ಕ್ಯೂ ಆಗೋದಕ್ಕೆ ಬರೀ ಮಷೀನ್‌ನ ಬೈದರೆ ತಪ್ಪಾಗುತ್ತೆ.

ಮಷೀನ್‌ನ ಬೈಯೋ ಸರದಿ ಈಗ.

ಒಂದು ದಿನ ಬೆಳಗ್ಗೆ, ಯಾವ ಟೋಲ್ ಅಂತ ಹೆಸರು ಬೇಡ, ಗೇಟ್ ಏಳಲಿಲ್ಲ. ಬೋರ್ಡಲ್ಲಿ ಬ್ಲಾಕ್‌ಲಿಸ್ಟ್ ಅಂತ ಬಂತು. ಟ್ಯಾಗ್ ಖಾತೆಯಲ್ಲಿ ಆರುನೂರು ಚಿಲ್ಲರೆ ದುಡ್ಡಿದೆ! ಬೂತ್ ಒಳಗಿನ ಹುಡುಗಿ ಪಾಪ, "ನಿಮ್ಮ ಬ್ಯಾಂಕ್‌ನೋರು ಬ್ಲಾಕ್ ಮಾಡಿದಾರೆ ಸಾರ್, ನಮ್ ಕೈಲಿ ಏನಿಲ್ಲ" ಅಂದಳು. ಆಮೇಲೆ ಗೊತ್ತಾಯ್ತು, ಕಾರಿನ ಮುಂಭಾಗದ ಫೋಟೋ, ಟ್ಯಾಗ್ ಫೋಟೋ, ಆರ್‌ಸಿ ಎಲ್ಲ ಅಪ್‌ಲೋಡ್ ಮಾಡಿ ಅಂತ ಟ್ಯಾಗ್ ಕೊಟ್ಟ ಬ್ಯಾಂಕು ಒಂದು ಮೆಸೇಜ್ ಕಳಿಸಿತ್ತಂತೆ. ಲೋನ್ ಬೇಕಾ, ಕಾರ್ಡ್ ಬೇಕಾ ಅಂತ ದಿನಕ್ಕೆ ಹತ್ತು ಮೆಸೇಜ್ ಕಳಿಸೋ ಬ್ಯಾಂಕಿನ ಹನ್ನೊಂದನೇ ಮೆಸೇಜನ್ನ ಯಾರು ಓದ್ತಾರೆ, ಹೇಳಿ. ಟ್ಯಾಗ್ ಇಲ್ಲದಿದ್ದರೆ ಅಥವಾ ನಡೆಯದಿದ್ದರೆ 2025ರ ನವೆಂಬರ್ 15ರಿಂದ ಬಂದ ಲೆಕ್ಕ ಹೀಗಿತ್ತು: ಯುಪಿಐನಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು, ಕ್ಯಾಶ್ ಕೊಟ್ಟರೆ ಎರಡು ಪಟ್ಟು. ನೂರು ರೂಪಾಯಿ ಜಾಗದಲ್ಲಿ ನೂರ ಇಪ್ಪತ್ತೈದು ಇಲ್ಲ ಇನ್ನೂರು. ನಾನು ಯುಪಿಐ ಮಾಡಿ ಗೊಣಗಿಕೊಂಡು ಬಂದೆ. ಮೊದಲು ಎಲ್ಲದಕ್ಕೂ ಎರಡು ಪಟ್ಟೇ ಇತ್ತು, ಅದಕ್ಕಿಂತ ಇದು ವಾಸಿ ಅಂತ ಸಮಾಧಾನ ಮಾಡಿಕೊಂಡೆ. ಆದರೂ, ಬ್ಯಾಂಕಿನ ಕಾಗದದ ಕೆಲಸಕ್ಕೆ ದಂಡ ನಾನ್ಯಾಕೆ ಕಟ್ಟಬೇಕು?

ಇನ್ನೊಂದು ಸಲ ರೀಡರ್ರೇ ಕೆಟ್ಟಿತ್ತು. ಮಳೆ ಬರ್ತಾ ಇತ್ತು. ಲೇನ್ ಹುಡುಗ ತಲೆ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಕೈಯಲ್ಲಿ ಹಿಡಿಯೋ ಸ್ಕ್ಯಾನರ್ ತಂದು ನನ್ನ ಗಾಜಿಗೆ ಒತ್ತಿ ಹಿಡಿದ. ಓದಲಿಲ್ಲ. ತನ್ನ ತೋಳಿನಿಂದಲೇ ಗಾಜು ಒರೆಸಿದ, ಮತ್ತೆ ಒತ್ತಿದ, ಸ್ವಲ್ಪ ಓರೆ ಮಾಡಿದ. ಇಲ್ಲ. "ಸ್ವಲ್ಪ ಹಿಂದಕ್ಕೆ ತಗೊಳ್ಳಿ ಸಾರ್" ಅಂದ. ಹಿಂದೆ ನೋಡಿದರೆ ತೆಂಗಿನಕಾಯಿ ಲೋಡ್ ಲಾರಿ, ಅದರ ಹಿಂದೆ ಬಸ್ಸು. ಎಲ್ಲಿಗೆ ತಗೊಳ್ಳೋದು? ಆಗ ನಾನು ರೂಲ್ ಹೇಳಿದೆ. ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ: ಟ್ಯಾಗ್ ಸರಿ ಇದ್ದು, ಅದರಲ್ಲಿ ದುಡ್ಡಿದ್ದು, ಟೋಲ್‌ನವರ ಮಷೀನ್ ಕೆಲಸ ಮಾಡದಿದ್ದರೆ ಗಾಡಿನ ಫ್ರೀಯಾಗಿ ಬಿಡಬೇಕು, ಸೊನ್ನೆ ರೂಪಾಯಿ ರಸೀದಿ ಕೊಡಬೇಕು. 2018ರಿಂದ ಕಾನೂನಲ್ಲೇ ಇದೆ. ಹುಡುಗ ನನ್ನ ಮುಖ ನೋಡಿ "ಅದೆಲ್ಲ ನಂಗೊತ್ತಿಲ್ಲ ಸಾರ್, ಒಳಗಿನೋರು ಹೇಳಿದ್ರೆ ಗೇಟ್ ಎತ್ತೀನಿ" ಅಂದ. ಒಳಗಿನವರು ಹೇಳಲಿಲ್ಲ. ಕೊನೆಗೆ ಏಳನೇ ಸಲವೋ ಎಂಟನೇ ಸಲವೋ ಸ್ಕ್ಯಾನರ್ ಬೀಪ್ ಅಂತ ಕೂಗಿತು, ಲಾರಿಯವನು ಹಿಂದಿನಿಂದ ಚಪ್ಪಾಳೆ ತಟ್ಟಿದ. ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ. ಆ ರೂಲನ್ನ ಬೂತ್ ಗಾಜಿನ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರೆ ಅವನೂ ನೆನೆಯುತ್ತಿರಲಿಲ್ಲ, ನಾನೂ ಬಾಯಿ ನೋಯಿಸಿಕೊಳ್ಳುತ್ತಿರಲಿಲ್ಲ.

ಇನ್ನು ಎಂಬತ್ತೈದು ರೂಪಾಯಿ ಕಥೆ. ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ ಮೊಬೈಲ್ ಟಣ್ ಅಂತು. ನಾನು ಜನ್ಮದಲ್ಲಿ ಹೋಗಿಲ್ಲದ ಯಾವುದೋ ಟೋಲ್‌ನಲ್ಲಿ ನನ್ನ ಕಾರು ದಾಟಿದೆ ಅಂತ ಎಂಬತ್ತೈದು ರೂಪಾಯಿ ಕಟ್. ಕಿಟಕಿಯಿಂದ ಬಗ್ಗಿ ನೋಡಿದೆ. ಕಾರು ಹೊಂಗೆ ಮರದ ಕೆಳಗೆ ನಿಂತಿದೆ, ಬಾನೆಟ್ ಮೇಲೆ ಬೀದಿ ಬೆಕ್ಕು ಮಲಗಿದೆ. ಟ್ಯಾಗ್ ಓದದಿದ್ದಾಗ ಟೋಲ್‌ನವರು ಗಾಡಿ ನಂಬರನ್ನ ಕೈಯಲ್ಲಿ ಹಾಕುವುದುಂಟು, ಅಲ್ಲಿ ಒಂದು ಅಂಕಿ ಆಚೀಚೆ ಆದರೆ ಎಲ್ಲೋ ಮಲಗಿರೋರ ದುಡ್ಡು ಹೋಗುತ್ತೆ. ಬೆಳಗ್ಗೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿದೆ. ಅವರು ಮರ್ಯಾದೆಯಾಗಿ ಮಾತಾಡಿ ದೂರು ಬರೆದುಕೊಂಡರು. ಬ್ಯಾಂಕಿಗೂ ಹಾಕಿದೆ. ಬ್ಯಾಂಕಿನವರು ಕೇಳಿದ್ದೇನು ಗೊತ್ತಾ? ಆ ಹೊತ್ತಿನಲ್ಲಿ ಕಾರು ಅಲ್ಲಿರಲಿಲ್ಲ ಅನ್ನೋದಕ್ಕೆ ಸಾಕ್ಷಿ ಕೊಡಿ. ಬೆಕ್ಕನ್ನ ಕರ್ಕೊಂಡು ಬರ್ಲಾ? ಟೋಲ್‌ನಲ್ಲಿ ಕ್ಯಾಮೆರಾ ಇರೋದು ಅವರ ಕಡೆ. ಫೋಟೋ ತೆಗೆದು ನೋಡಬೇಕಾದವರು ಅವರು. ದುಡ್ಡು ಬಂತು, ಇಲ್ಲ ಅನ್ನಲ್ಲ. ಹತ್ತೊಂಬತ್ತನೇ ದಿನ ಬಂತು. ಇಂಥ ತಪ್ಪಿಗೆ ಟೋಲ್ ನಡೆಸೋರಿಗೆ ದೊಡ್ಡ ದಂಡ ಹಾಕಿದ ಮೇಲೆ ದೂರು ಕಡಿಮೆಯಾಗಿದೆ ಅಂತ ಪ್ರಾಧಿಕಾರವೇ ಹೇಳಿಕೊಂಡಿದೆ. ಇರಬಹುದು. ನನ್ನ ಪಾಲಿಗೆ ಬಂದದ್ದು ಹೀಗೆ.

ವರ್ಷದ ಪಾಸ್ ಬಗ್ಗೆ ತುಂಬ ಜನ ಕೇಳ್ತಾರೆ. 2025ರ ಆಗಸ್ಟ್ 15ಕ್ಕೆ ಶುರುವಾದಾಗ 3000 ರೂಪಾಯಿ. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲು ಮುಗಿಯುತ್ತೋ ಅದು. ಅಂದರೆ ಗೇಟ್ ಒಂದಕ್ಕೆ ಹದಿನೈದು ರೂಪಾಯಿ ಬಿತ್ತು, ಕಣ್ಣು ಮುಚ್ಚಿಕೊಂಡು ತಗೋಬಹುದು. ಆದರೆ ಟ್ರಿಪ್ ಅಂದರೆ ಊರಿಂದ ಊರಿಗೆ ಅಲ್ಲ, ನಮ್ಮ ದಾರಿಯಂಥ ಕಡೆ ಒಂದೊಂದು ಗೇಟ್ ದಾಟಿದ್ದೂ ಒಂದೊಂದು ಟ್ರಿಪ್. ಹೋಗುತ್ತಾ ಎರಡು, ಬರುತ್ತಾ ಎರಡು ಗೇಟ್ ಸಿಕ್ಕರೆ 50 ದಿನದ ಓಡಾಟಕ್ಕೆ ಪಾಸ್ ಖಾಲಿ. ರಾಜ್ಯ ಹೆದ್ದಾರಿಯ ಟೋಲ್‌ಗೆ ನಡೆಯಲ್ಲ. ಹಳದಿ ಬೋರ್ಡ್ ಗಾಡಿಗೂ ಇಲ್ಲ. ಟೋಲ್‌ನಿಂದ 20 ಕಿಲೋಮೀಟರ್ ಒಳಗೆ ಮನೆ ಇದ್ದು, ಸ್ವಂತ ಗಾಡಿ ಇದ್ದು, ಆ ಒಂದೇ ಗೇಟ್ ದಾಟುವವರಾದರೆ ಲೋಕಲ್ ತಿಂಗಳ ಪಾಸ್ ನೋಡಿ. 2008ರ ರೂಲ್‌ನಲ್ಲಿ 150 ರೂಪಾಯಿಗೆ ಶುರುವಾದದ್ದು, ಪ್ರತಿ ಏಪ್ರಿಲ್ 1ಕ್ಕೆ ಸ್ವಲ್ಪ ಸ್ವಲ್ಪ ಏರುತ್ತೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಕೆ ಅಂತಲೇ ಹೋಗೋರಿಗೆ ಇದ್ಯಾವುದೂ ಬೇಡ, ಬೈಕಲ್ಲಿ ಹೋಗಿ, ಬೈಕಿಗೆ ಟೋಲ್ ಇಲ್ಲ.

ಈಗ ಮುಖ್ಯ ಪ್ರಶ್ನೆ. ಕ್ಯಾಶ್ ಪೂರ್ತಿ ನಿಲ್ಲಿಸಬೇಕಾ? ನಿಲ್ಲಿಸಿ ಅಂತೀನಿ. ಒಬ್ಬ ಇನ್ನೂರು ರೂಪಾಯಿ ನೋಟು ಕೊಟ್ಟು ಚಿಲ್ಲರೆ ಎಣಿಸುತ್ತಾ ನಿಂತರೆ ಹಿಂದಿನ ಮೂವತ್ತು ಗಾಡಿ ಡೀಸೆಲ್ ಸುಡುತ್ತೆ. ಆದರೆ ನಮ್ಮ ಬೀದಿಯಲ್ಲಿ ಒಬ್ಬರಿದ್ದಾರೆ, ಟಾಟಾ ಏಸ್‌ನಲ್ಲಿ ಎಳನೀರು ಹಾಕಿಕೊಂಡು ಬೆಂಗಳೂರಿಗೆ ಹೋಗೋರು. ಅವರ ಟ್ಯಾಗ್‌ಗೆ ರೀಚಾರ್ಜ್ ಮಾಡೋದು ನಾನೇ. ಗೇಟೇ ಇಲ್ಲದ ಟೋಲ್ ಬರ್ತಾ ಇದೆ, ಗುಜರಾತಿನ ಚೋರ್ಯಾಸಿ, ಹರಿಯಾಣದ ಘರೌಂಡಾದಲ್ಲಿ ಮಾಡೋಕೆ 2025ರಲ್ಲೇ ಒಪ್ಪಂದ ಆಗಿದೆ ಅಂತ ಅವರಿಗೆ ಹೇಳಿದೆ. ಚೋರ್ಯಾಸಿ ಇರೋದು ನಮ್ಮ ತುಮಕೂರು ಮೇಲೆ ಹೋಗೋ 48ನೇ ಹೆದ್ದಾರಿಯಲ್ಲೇ, ಘರೌಂಡಾ ಇರೋದು ಚಿಕ್ಕಬಳ್ಳಾಪುರದ 44ನೇ ಹೆದ್ದಾರಿಯಲ್ಲಿ. ಗಾಡಿ ನಿಲ್ಲಿಸೋ ಹಾಗೇ ಇಲ್ಲ, ಮೇಲಿನ ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತೆ, ರೀಡರ್ ಟ್ಯಾಗ್ ಓದುತ್ತೆ, ದುಡ್ಡು ಇಲ್ಲದಿದ್ದರೆ ನೋಟಿಸ್ ಬರುತ್ತೆ ಅಂದೆ.

"ಗೇಟೇ ಇಲ್ಲ ಅಂದ್ರೆ ಜಗಳ ಯಾರತ್ರ ಆಡೋದಪ್ಪಾ?" ಅಂದರು.

"1033ಕ್ಕೆ ಫೋನ್ ಮಾಡೋದಣ್ಣ."

"ಅವರು ನಿಂಗೆ ಎಂಬತ್ತೈದು ರೂಪಾಯಿ ಎಷ್ಟ್ ದಿನಕ್ಕೆ ಕೊಡಿಸಿದ್ರು?"

ನನ್ನ ತಕರಾರೂ ಅಷ್ಟೇ. ಕಟ್ ಮಾಡಿದವರೇ ಫೋಟೋ ತೋರಿಸಲಿ, ಮೂರು ದಿನದಲ್ಲಿ ತೋರಿಸಲಿಲ್ಲ ಅಂದರೆ ದುಡ್ಡು ತಾನಾಗೇ ಖಾತೆಗೆ ವಾಪಸ್ ಬೀಳಲಿ. ಬ್ಲಾಕ್ ಮಾಡೋ ಮುಂಚೆ ಒಂದು ಫೋನ್ ಮಾಡಲಿ. ಇಷ್ಟು ಮಾಡಿ ನಾಳೆಯೇ ಕ್ಯಾಶ್ ಎತ್ತಿಬಿಡಿ, ನಾನೇನೂ ಅಡ್ಡ ಬರಲ್ಲ.

ಹಳೇ ಕಾರು ಮಾರುತ್ತಿರೋರಿಗೆ ಒಂದು ಮಾತು. ಟ್ಯಾಗ್ ಕಿತ್ತು ಬಿಸಾಕಿದರೆ ಸಾಲದು, ಬ್ಯಾಂಕಿಗೆ ಹೇಳಿ ಅದನ್ನ ಮುಚ್ಚಿಸಿ, ಮುಚ್ಚಿದೆ ಅಂತ ಬಂದ ಮೆಸೇಜ್ ಇಟ್ಟುಕೊಳ್ಳಿ. ನನ್ನ ಭಾವ ಹಾಗೇ ಬಿಟ್ಟು ಕಾರು ಕೊಟ್ಟಿದ್ದರು. ತಗೊಂಡವನು ಅದೇ ವಾರ ಫ್ಯಾಮಿಲಿ ಕರ್ಕೊಂಡು ಗೋವಾಕ್ಕೆ ಹೋದ, ದಾರಿಯುದ್ದಕ್ಕೂ ಟೋಲ್ ಕಟ್ಟಿದ್ದು ನಮ್ಮ ಭಾವ.